ಶಿಶುಶಯನ ವಿಚಾರ: ಸೋಮನೂರಿನ ತೊಟ್ಟಿಲನ್ನು ಕುರಿತು

ಅರಸರ ಪಟ್ಟಾಭಿಷೇಕದ ತಿಥಿವಾರಗಳನ್ನು ಗೊತ್ತುಮಾಡುವುದಕ್ಕಾಗಿ ನಾವು ಎಷ್ಟೋ ಶಾಸನಗಳನ್ನು ತಡಕಿದ್ದೇವೆ. ಆದರೆ ಆ ಅರಸರೂ ಅವರ ಪ್ರಜೆಗಳೂ ಹಸುಗೂಸುಗಳಾಗಿದ್ದಾಗ ಅವರನ್ನು ಅಂಗಾತ ಮಲಗಿಸುತ್ತಿದ್ದರೋ ಬೋರಲು ಮಲಗಿಸುತ್ತಿದ್ದರೋ ಎಂದು ಕೇಳಿದವರು ವಿರಳ. ಇದು ಕ್ಷುಲ್ಲಕವಾದ ಪ್ರಶ್ನೆಯೆಂದು ಮೊದಲ ನೋಟಕ್ಕೆ ತೋರಬಹುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ದೇಶಗಳ ಸಹಸ್ರಾರು ಶಿಶುಗಳ ಅಳಿವು ಉಳಿವು ಈ ಪ್ರಶ್ನೆಯನ್ನೇ ಅವಲಂಬಿಸಿತ್ತೆಂದು ತಿಳಿದ ಮೇಲೆ ಮಾತ್ರ ಇದನ್ನು ಕಡೆಗಣಿಸುವಂತಿಲ್ಲ.

ನಮ್ಮ ವಿಚಾರಕ್ಕೆ ಸೋಮನೂರನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಕೊಯಮತ್ತೂರಿನಿಂದ ಈರೋಡಿನ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ ಈ ಊರು, ಅದರ ನೆರೆಯ ಕರುಮತ್ತಂಪಟ್ಟಿ, ಪಲ್ಲಡಂ ಸೀಮೆಗಳೊಡನೆ, ವಿದ್ಯುನ್ಮಗ್ಗಗಳಿಗೆ ಹೆಸರಾದುದು. ಕೊಯಮತ್ತೂರು ಸೀಮೆ ೧೭೯೯ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಈ ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಉಳಿದ ಭಾಗದ ಕನ್ನಡಿಗರು ಇದ್ದಲ್ಲಿಯೇ ಉಳಿದರು. ಅವರಲ್ಲಿ ಚೌಡೇಶ್ವರಿಯ ಒಕ್ಕಲಾದ ದೇವಾಂಗ ನೇಕಾರರು ಮುಖ್ಯರು. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂಬುದು ಅವರ ಬಾಳಿನ ಕ್ರಮ. ಲಿಪಿಯ ಆಸರೆಯಿಲ್ಲದೆ ತಲೆಮಾರುಗಳನ್ನು ದಾಟಿ ಬಂದ ಆ ಕನ್ನಡ ಉಳಿದುದು ಹೇಗೆಂದು ಕೇಳಿದರೆ, ತೊಟ್ಟಿಲ ಬಳಿಯ ಮಾತಿನಿಂದ ಎಂದೇ ಹೇಳಬೇಕಾಗುತ್ತದೆ.

ತೊಟ್ಟಿಲು ಎಂಬ ಶಬ್ದವೂ ಗಡಿಯನ್ನು ಅರಿಯದು. ತಮಿಳು ಮಲೆಯಾಳಗಳಲ್ಲಿ ಅದು ತೊಟ್ಟಿಲ್, ತೆಲುಗಿನಲ್ಲಿ ತೊಟ್ಟಿಲ. ದ್ರಾವಿಡ ಭಾಷೆಗಳು ಒಟ್ಟಾಗಿ ಅನುಭವಿಸುತ್ತಿರುವ ಹಳೆಯ ಆಸ್ತಿ. ಧಾರವಾಡ ಜಿಲ್ಲೆಯ ಕಲಘಟಗಿಯ ಕುಶಲಕರ್ಮಿಗಳು ಅರಗಿನ ಬಣ್ಣ ಹಚ್ಚಿ, ರಾಮಾಯಣ ಭಾರತಗಳ ಚಿತ್ರ ಬರೆದು ಮಾಡುವ ಮರದ ತೊಟ್ಟಿಲು ನಾಡಿನಲ್ಲೆಲ್ಲ ಪ್ರಸಿದ್ಧ. ಆದರೆ ಬಡ ನೇಕಾರನ ಮನೆಯ ತೊಟ್ಟಿಲು ಅದಲ್ಲ. ತೊಲೆಗೆ ಹಗ್ಗ ಬಿಗಿದು, ತಾಯಿಯ ಹಳೆಯ ಹತ್ತಿಸೀರೆಯನ್ನು ಜೋಲಿಯಾಗಿ ಕಟ್ಟಿದರೆ ಅದೇ ತೊಟ್ಟಿಲು. ಕೂಸನ್ನು ಅದರಲ್ಲಿ ಮಲಗಿಸಿ, ತೂಗುವ ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುವ ತಾಯಿ ಕೈಮಗ್ಗದ ಕಾಲದ ಮನೆಗಳಲ್ಲಿ ಪರಿಚಿತವಾದ ನೋಟ.

ಈ ಜೋಲಿಯಲ್ಲಿ ಕೂಸು ಮಲಗುವುದು ಅಂಗಾತವಾಗಿ. ಬಟ್ಟೆಯ ಬಾಗು ಮತ್ತಾವ ಭಂಗಿಗೂ ಸುಲಭವಾಗಿ ಎಡೆಗೊಡುವುದಿಲ್ಲ. ಸಂಪ್ರದಾಯವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮಗು ಮೊದಲ ಸಲ ತಾನಾಗಿ ಮಗುಚಿಕೊಂಡು ಬೋರಲು ಬಿದ್ದಾಗ ಮನೆಯಲ್ಲಿ ಸಿಹಿ ಮಾಡಿ ನೆರೆಹೊರೆಗೆ ಹಂಚುವ ವಾಡಿಕೆ ನಮ್ಮಲ್ಲಿಯೂ ತಮಿಳರಲ್ಲಿಯೂ ಉಂಟು. ಬೋರಲು ಮಲಗಿಸುವುದೇ ನಿತ್ಯದ ರೂಢಿಯಾಗಿದ್ದಿದ್ದರೆ ಬೋರಲು ಬೀಳುವುದೊಂದು ಹಬ್ಬವಾಗುತ್ತಿತ್ತೆ? ಅಂಗಾತ ಮಲಗುವುದೇ ಎಳೆಗೂಸಿನ ಸಹಜಸ್ಥಿತಿಯೆಂದು ಹಿರಿಯರು ಭಾವಿಸಿದ್ದರೆಂಬುದಕ್ಕೆ ಈ ಸಿಹಿಯೇ ನಮಗೆ ದೊರೆಯುವ ಶಾಸನ.

ಶಿಶುವಿನ ನಿದ್ರೆಯನ್ನು ಕುರಿತ ಭಯ ಮನುಷ್ಯನಷ್ಟೇ ಹಳೆಯದು. ಬೈಬಲ್ಲಿನಲ್ಲಿ ಸೊಲೊಮೋನ ಅರಸನ ಮುಂದೆ ಬಂದ ವ್ಯಾಜ್ಯವೇ, ನಿದ್ದೆಯಲ್ಲಿ ತಾಯಿ ಮೇಲೆ ಹೊರಳಿ ಸತ್ತ ಕೂಸಿನದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಕುಮಾರಾಗಾರದ, ಎಂದರೆ ಕೂಸಿನ ಕೋಣೆಯ, ವರ್ಣನೆಯಿದೆ. ಹಾಸಿಗೆ ಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕೆಂದೂ, ಅವಕ್ಕೆ ಧೂಪ ಹಾಕಬೇಕೆಂದೂ ಅಲ್ಲಿ ವಿಧಿಸಿದೆ. ಕಾರಣ ತಿಳಿಯದೆ ಬರುವ ಶಿಶುಪೀಡೆಗಳಿಗೆ ಸುಶ್ರುತಸಂಹಿತೆ ಒಂಬತ್ತು ಬಾಲಗ್ರಹಗಳನ್ನು ಹೇಳಿತು. ನಮ್ಮ ಅಜ್ಜಿಯರು ದೃಷ್ಟಿಯೆಂದರು. ಹೆಸರು ಯಾವುದಾದರೇನು, ರಾತ್ರಿ ಮಲಗಿದ ಮಗು ಬೆಳಿಗ್ಗೆ ಏಳದಿದ್ದಾಗ ಒಂದು ಕಾರಣವನ್ನು ಹುಡುಕದೆ ತಾಯಿಯ ಮನಸ್ಸು ನಿಲ್ಲದು.

ಇನ್ನು ಪಶ್ಚಿಮದ ಕಥೆ. ನ್ಯೂಯಾರ್ಕಿನ ಹೆರಾಲ್ಡ್ ಏಬ್ರಮ್‌ಸನ್ ಎಂಬ ವೈದ್ಯನು ೧೯೪೪ರಲ್ಲಿಯೇ ಉಸಿರುಕಟ್ಟಿ ಸತ್ತ ಶಿಶುಗಳ ಪೈಕಿ ಬಹುಪಾಲು ಬೋರಲಾಗಿ ಮಲಗಿದ್ದುವೆಂದು ಬರೆದು ಎಚ್ಚರಿಸಿದನು. ಆ ಮಾತು ನಿಲ್ಲಲಿಲ್ಲ. ೧೯೪೬ರಲ್ಲಿ ಮೊದಲು ಅಚ್ಚಾಗಿ ಲೋಕದ ಎಷ್ಟೋ ಮನೆಗಳನ್ನು ಹೊಕ್ಕ ಡಾಕ್ಟರ್ ಬೆಂಜಮಿನ್ ಸ್ಪಾಕ್‌ರ ಶಿಶುಪಾಲನೆಯ ಪುಸ್ತಕ, ೧೯೫೦ರ ದಶಕದ ಉತ್ತರಾರ್ಧದ ಆವೃತ್ತಿಗಳಿಂದ ಬೋರಲು ಭಂಗಿಯ ಪಕ್ಷ ವಹಿಸಿತು. ಅಂಗಾತ ಮಲಗಿದ ಮಗು ವಾಂತಿಮಾಡಿಕೊಂಡರೆ ಅದು ಉಸಿರಿಗೆ ಅಡ್ಡವಾದೀತೆಂಬುದು ಅದಕ್ಕೆ ಕೊಟ್ಟ ಕಾರಣ. ಕೇಳುವುದಕ್ಕೆ ಯುಕ್ತಿಯುಕ್ತವಾಗಿದ್ದ ಈ ಊಹೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಇತ್ತ ತೊಟ್ಟಿಲಲ್ಲಿಯೇ ಅಕಾರಣವಾಗಿ ಸಾಯುವ ಶಿಶುಗಳು ಹೆಚ್ಚಿದುವು. ೧೯೬೯ರಲ್ಲಿ ಸಿಯಾಟಲಿನಲ್ಲಿ ಸೇರಿದ ವೈದ್ಯರು ಅದಕ್ಕೆ ಆಕಸ್ಮಿಕ ಶಿಶುಮರಣ ಲಕ್ಷಣ ಎಂಬರ್ಥದ ಹೆಸರನ್ನು ಗೊತ್ತುಮಾಡಿದರು.

ಕಣ್ಣು ತೆರೆಸಿದುದು ಪೂರ್ವದೇಶದ ರೂಢಿ. ಡೇವೀಸ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಇಂಥ ಸಾವು ಬಹಳ ವಿರಳವೆಂದೂ, ಅಲ್ಲಿನ ಚೀನೀಯರು ಕೂಸನ್ನು ಅಂಗಾತ ಮಲಗಿಸುವುದು ವಾಡಿಕೆಯೆಂದೂ ೧೯೮೫ರಲ್ಲಿ ಪ್ರಕಟಿಸಿದನು. ಹಾಲೆಂಡಿನಲ್ಲಿ ೧೯೮೭ರಲ್ಲಿ, ಬ್ರಿಟನ್ನಿನಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ೧೯೯೧ರಲ್ಲಿ ಬೋರಲು ಮಲಗಿಸಬೇಡಿರೆಂದು ಪ್ರಚಾರ ನಡೆಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ೧೯೯೨ರಲ್ಲಿ ಅದೇ ಸಲಹೆಯನ್ನು ಕೊಟ್ಟಿತು. ಅಲ್ಲಿ ಆ ವರ್ಷ ಹುಟ್ಟಿದ ಸಾವಿರಕ್ಕೆ ೧.೨ರಷ್ಟಿದ್ದ ಆಕಸ್ಮಿಕ ಮರಣ ೨೦೦೧ರ ವೇಳೆಗೆ ೦.೫೬ಕ್ಕೆ ಇಳಿಯಿತು. ಮದ್ದಿಲ್ಲ, ಶಸ್ತ್ರವಿಲ್ಲ, ಮಗುವನ್ನು ತಿರುಗಿಸಿ ಮಲಗಿಸಿದರು, ಅಷ್ಟೆ. ಸಾಕ್ಷ್ಯಗಳನ್ನು ೧೯೭೦ರ ವೇಳೆಗೇ ಕೂಡಿಸಿ ನೋಡಿದ್ದರೆ ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಸೀಮೆಗಳಲ್ಲಿ ಐವತ್ತು ಸಾವಿರ ಶಿಶುಗಳಾದರೂ ಉಳಿಯಬಹುದಿತ್ತೆಂದು ೨೦೦೫ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು.

ಇದನ್ನು ಓದಿ, ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಬೀಗುವುದು ಸಂಶೋಧಕನ ಧರ್ಮವಲ್ಲ. ಪರೀಕ್ಷಿಸದ ಊಹೆ ಪುಸ್ತಕದಲ್ಲಿದ್ದರೂ ಅಪಾಯ, ಸಂಪ್ರದಾಯದಲ್ಲಿದ್ದರೂ ಅಪಾಯ. ಆದುದರಿಂದ ಅದೇ ಒರೆಗಲ್ಲಿಗೆ ನಮ್ಮ ಮನೆಯ ರೂಢಿಗಳನ್ನೂ ಹಚ್ಚಿ ನೋಡೋಣ.

ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬನ್ನಿಡುವುದುಂಟು. ಎಳೆಗೂಸಿನ ಹಾಸಿಗೆಯಲ್ಲಿ ದಿಂಬೇ ಬೇಡವೆಂಬುದು ಇಂದಿನ ನಿರ್ಣಯ. ಅಂಗಾತ ಮಲಗುವುದರಿಂದ ಹಿಂದಲೆ ತುಸು ಚಪ್ಪಟೆಯಾಗುವುದು ನಿಜ. ಎಚ್ಚರವಾಗಿರುವಾಗ ಹಿರಿಯರ ಕಣ್ಣೆದುರಿನಲ್ಲಿ ಸ್ವಲ್ಪ ಹೊತ್ತು ಬೋರಲು ಬಿಟ್ಟರೆ ತಲೆಗೂ ಕತ್ತಿನ ಬಲಕ್ಕೂ ಒಳ್ಳೆಯದು. ಚರಕನು ಹೇಳಿದ ಮೃದುಶಯ್ಯೆಯನ್ನೂ ಇಂದು ಒಪ್ಪುವಂತಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹೂತರೆ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡಬೇಕಾಗುತ್ತದೆ. ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ಇನ್ನೊಂದು ರೂಢಿ. ಹೊಗೆ ಯಾವುದಾದರೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಮಗುವಿರುವ ಮನೆಯಲ್ಲಿ ಬೀಡಿ ಸಿಗರೇಟು ಸೇದುವುದಂತೂ ಈ ಬಗೆಯ ಮರಣಕ್ಕೆ ಸ್ಪಷ್ಟವಾದ ಕಾರಣಗಳಲ್ಲೊಂದೆಂದು ಕಂಡುಬಂದಿದೆ. ಮಗ್ಗದ ಕೊಟ್ಟಡಿಯ ಹತ್ತಿದೂಳಿನಿಂದಲೂ ಸದ್ದಿನಿಂದಲೂ ತೊಟ್ಟಿಲನ್ನು ದೂರ ಕಟ್ಟುವುದು ಲೇಸು.

ಕೊನೆಗೆ ಆ ಜೋಲಿಯೇ. ಗಟ್ಟಿಯಾದ ಸಮತಟ್ಟಾದ ಹಾಸು ಬೇಕೆಂಬ ಇಂದಿನ ಅಳತೆಗೆ ಅದು ನಿಲ್ಲುವುದಿಲ್ಲ. ಬೆನ್ನು ಬಾಗಿ ಗಲ್ಲ ಎದೆಗೆ ತಗುಲಿದರೆ ಎಳೆಗೂಸಿನ ಉಸಿರುದಾರಿ ಕಿರಿದಾಗುತ್ತದೆ. ಮಗುಚಿಕೊಳ್ಳಬಲ್ಲ ಮಗು ಅದರಿಂದ ಕೆಳಗೆ ಬೀಳಬಹುದು. ಸೀರೆಯನ್ನು ಉಯ್ಯಾಲೆ ಮಾಡಿಕೊಂಡು ಆಡುವ ದೊಡ್ಡ ಮಕ್ಕಳ ಕೊರಳಿಗೆ ಅದೇ ಉರುಳಾದ ಪ್ರಸಂಗಗಳು ನಮ್ಮ ದೇಶದ ವೈದ್ಯರ ಬರಹಗಳಲ್ಲಿ ದಾಖಲಾಗಿವೆ. ತೂಗಿ ಸಮಾಧಾನಪಡಿಸುವುದಕ್ಕೆ ಜೋಲಿ, ರಾತ್ರಿಯ ನಿದ್ದೆಗೆ ತಾಯಿಯ ಪಕ್ಕದಲ್ಲೇ ಬೇರೆಯಾಗಿ ಹಾಸಿದ ಗಟ್ಟಿಯಾದ ಚಾಪೆ ಎಂದು ಹಂಚಿಕೊಂಡರೆ ಸಂಪ್ರದಾಯಕ್ಕೂ ಭಂಗವಿಲ್ಲ, ಕೂಸಿಗೂ ಕ್ಷೇಮ.

ನಮ್ಮ ನಾಡಿನಲ್ಲಿ ಇಂಥ ಸಾವುಗಳ ಲೆಕ್ಕ ಸಿಕ್ಕುವುದು ಕಷ್ಟ. ೧೯೭೧ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ೧೨೯ ಒಂದು ವರ್ಷದೊಳಗೆ ಸಾಯುತ್ತಿದ್ದುವು. ಭೇದಿ ಜ್ವರಗಳ ಆ ಪ್ರವಾಹದಲ್ಲಿ ನಿದ್ದೆಯ ಸಾವನ್ನು ಬೇರೆಯಾಗಿ ಎಣಿಸುವವರಾರು? ೨೦೨೦ರಲ್ಲಿ ಆ ಸಂಖ್ಯೆ ೨೮ಕ್ಕೆ, ತಮಿಳುನಾಡಿನಲ್ಲಿ ೧೩ಕ್ಕೆ ಇಳಿದಿತ್ತು. ಪ್ರವಾಹ ಇಳಿದಾಗಲೇ ತಳದ ಕಲ್ಲು ಕಾಣುವುದು.

ನಡುರಾತ್ರಿ ಎದ್ದು ಕೂಸಿನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡದ ತಾಯಿಯಿಲ್ಲ. ಆಸ್ಪತ್ರೆಯಲ್ಲಿ ಒಂದು ಮಾತು, ಮನೆಯಲ್ಲಿ ಅತ್ತೆಯ ಇನ್ನೊಂದು ಮಾತು. ನಡುವೆ ಅವಳು ತೊಳಲುತ್ತಾಳೆ. ಆಸ್ಪತ್ರೆಯ ಚೀಟಿ ಇರುವುದು ತಮಿಳಿನಲ್ಲಿ, ಅತ್ತೆಯ ಮಾತು ಕನ್ನಡದಲ್ಲಿ. ಎರಡನ್ನೂ ಬಲ್ಲವರು ಗಡಿನಾಡಿನ ಉಪಾಧ್ಯಾಯರಾದ ನಾವು. ಅತ್ತೆಯೊಡನೆ ವಾದಿಸುವ ಅಗತ್ಯವಿಲ್ಲ. "ಅಮ್ಮಾ, ನೀವು ಅಂಗಾತ ಮಲಗಿಸಿದ್ದೇ ಸರಿ, ದಿಂಬೊಂದನ್ನು ತೆಗೆದುಬಿಡಿ" ಎಂದರೆ ಅವರೂ ಒಪ್ಪಿಯಾರು. ನಮ್ಮ ಮಾತನ್ನು ಉಳಿಸಿಕೊಟ್ಟ ತೊಟ್ಟಿಲಿಗೆ ನಾವು ತೀರಿಸಬೇಕಾದ ಋಣ ಇಷ್ಟಾದರೂ ಇದೆ.