ಕಡಲಾಚೆಯಿಂದ ಮರಳಿದ ಯೋಧರ ಮಂಡಳಿ

ಮೊದಲ ಮಹಾಯುದ್ಧಕ್ಕೆ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಕಡಲಾಚೆಗೆ ತೆರಳಿದ್ದರಿಂದ, ಮರಳಿದವರ ಮತ್ತು ಮಡಿದವರ ಕುಟುಂಬಗಳ ಯೋಗಕ್ಷೇಮಕ್ಕಾಗಿ 1919ರಲ್ಲಿ ಸರ್ಕಾರವು ಇಂಡಿಯನ್ ಸೋಲ್ಜರ್ಸ್ ಬೋರ್ಡ್, ಅಂದರೆ ಸೈನಿಕರ ಕಲ್ಯಾಣ ಮಂಡಳಿಯನ್ನು ರಚಿಸಿತು. 1921ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿದ ಬ್ರಿಟಿಷ್ ಎಂಪೈರ್ ಸರ್ವಿಸ್ ಲೀಗ್ ನಾನಾ ದೇಶಗಳ ಮಾಜಿ ಯೋಧರ ಸಂಘಗಳು ಕೂಡಿ ಕಟ್ಟಿದ ಒಕ್ಕೂಟವಾಗಿದ್ದರೆ, ಭಾರತದ ಮಂಡಳಿಯು ಆಡಳಿತದ ಅಂಗವಾಗಿತ್ತು.

ಮುಂದೆ ಆಡಳಿತದ ಗಡಿಗಳೂ ಬದಲಾದವು; ಉದಾಹರಣೆಗೆ, ಆಗ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡಕ್ಕೆ ಸೇರಿದ್ದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಇತ್ತ ಸೈನಿಕರ ಮಂಡಳಿಯು 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿಯೆಂಬ ಹೆಸರು ಪಡೆದು, ರಾಜ್ಯ ಹಾಗೂ ಜಿಲ್ಲಾ ಕಚೇರಿಗಳ ಮೂಲಕ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ನೆರವಾಗುವ ಕಾರ್ಯವನ್ನು ಮುಂದುವರಿಸಿತು. ಆಡಳಿತದ ಗಡಿಗಳು ಬದಲಾದರೂ ಯೋಧರ ಕುಟುಂಬಗಳಿಗೆ ಸಮಾಜ ಸಲ್ಲಿಸಬೇಕಾದ ಋಣ ಬದಲಾಗುವುದಿಲ್ಲವೆಂಬುದೇ ಈ ವ್ಯವಸ್ಥೆಯ ನೈತಿಕ ಆಧಾರ.