ಟಾರಿನ ಕೆಳಗೆ ಉಳಿದ ದೊರೆ

ಇಂಗ್ಲೆಂಡಿನ ಲೆಸ್ಟರ್ ನಗರದ ನಡುವೆ, ಕಾರು ನಿಲ್ಲಿಸುವ ಜಾಗವೊಂದರ ಅಡಿಯಲ್ಲಿ 2012ರಲ್ಲಿ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರ ಸಿಕ್ಕಿತು. ಅರಸನ ಸಮಾಧಿಯ ಮೇಲೆ ಪಾರ್ಕಿಂಗೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಆ ನೆಲದ ಚರಿತ್ರೆಯನ್ನು ನೋಡಿದರೆ, ಎಲುಬು ಉಳಿದದ್ದರಲ್ಲಿ ಪಾರ್ಕಿಂಗಿನ ಪಾಲೂ ಇದೆ. 1485ರ ಬಾಸ್ವರ್ತ್ ಕಾಳಗದಲ್ಲಿ ಸತ್ತ ರಿಚರ್ಡ್‌ನನ್ನು ಗ್ರೇಫ್ರಯರ್ಸ್ ಎಂಬ ಫ್ರಾನ್ಸಿಸ್ಕನ್ ಮಠದ ಚರ್ಚಿನಲ್ಲಿ ಅವಸರವಾಗಿ ಹೂಳಿದ್ದರು. ಶವಪೆಟ್ಟಿಗೆ ಇರಲಿಲ್ಲ, ತೋಡಿದ ಗುಂಡಿ ದೇಹದ ಉದ್ದಕ್ಕೂ ಸಾಲದು. 1538ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮಠ ಮುಚ್ಚಿ, ಚರ್ಚು ನೆಲಸಮವಾಯಿತು. ಮುಂದೆ ಜಾಗ ಮೇಯರ್ ಆಗಿದ್ದ ರಾಬರ್ಟ್ ಹೆರಿಕ್‌ನ ಕೈಸೇರಿತು. ಅವನ ತೋಟದಲ್ಲಿ ದೊರೆಯ ಹೆಸರು ಕೆತ್ತಿದ ಮೂರಡಿ ಕಲ್ಲುಗಂಬ ಇದ್ದುದನ್ನು 1612ರಲ್ಲಿ ಕಂಡವರು ಬರೆದಿಟ್ಟಿದ್ದಾರೆ. ಆ ಕಂಬ ಕಾಣೆಯಾದ ಮೇಲೆ ಉಳಿದದ್ದು ಎಲುಬನ್ನು ಸೋರ್ ನದಿಗೆ ಎಸೆದರೆಂಬ ಕಥೆ. ಸೇತುವೆಯ ಬಳಿ ಅದಕ್ಕೊಂದು ಫಲಕವೂ ಬಂತು, ಸುಳ್ಳಿಗೂ ಶಿಲಾಶಾಸನ!

ಟಾರು ಹಾಕಿ ನೆನಪನ್ನೇ ಮುಚ್ಚಿದರಲ್ಲ ಎಂದು ಆಕ್ಷೇಪಿಸಬಹುದು. ಕಾರು ಹುಟ್ಟುವುದಕ್ಕೆ ಬಹಳ ಮುಂಚೆಯೇ ಊರು ಆ ಸಮಾಧಿಯ ಸುಳಿವನ್ನು ಕಳೆದುಕೊಂಡಿತ್ತು. ನಿಜವಾದ ಅಪಾಯ ಬಂದದ್ದು ಅಡಿಪಾಯಗಳಿಂದ. ಅಸ್ಥಿಪಂಜರಕ್ಕೆ ಪಾದಗಳಿರಲಿಲ್ಲ, ನಂತರದ ಕಾಲದ ಕಟ್ಟಡ ಕೆಲಸದಲ್ಲಿ ಹೋಗಿರಬೇಕೆಂಬುದು ಸಂಶೋಧಕರ ಅಂದಾಜು. ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಕಟ್ಟಡವೊಂದರ ತಳಪಾಯ ಎಲುಬಿನ ತೀರ ಸಮೀಪಕ್ಕೆ ಬಂದಿತ್ತು. ಇನ್ನಷ್ಟು ಆಳಕ್ಕಿಳಿದಿದ್ದರೆ ಉಳಿದದ್ದೂ ಹೋಗುತ್ತಿತ್ತು. ತೋಟ, ಅಂಗಳ, ಆಮೇಲೆ ಪಾರ್ಕಿಂಗ್ ಎಂದು ಬಯಲಾಗಿದ್ದ ಆ ತುಂಡನ್ನು ಯಾರೂ ಅಷ್ಟು ಆಳಕ್ಕೆ ಅಗೆಯಲಿಲ್ಲ. ಇದು ಕಾಳಜಿಯಲ್ಲ, ಬರೀ ಅದೃಷ್ಟ ಎಂದರೆ ಒಪ್ಪೋಣ. ಅದೃಷ್ಟ ಕೆಲಸ ಮಾಡಿದ್ದು ಮೇಲೆ ಮಾತ್ರ ಟಾರು ಬಿದ್ದದ್ದರಿಂದ.

ಹಾಗೆಂದು ನಗರದ ಬೆಲೆಬಾಳುವ ನೆಲವನ್ನು ಖಾಲಿ ಬಿಡಲಾದೀತೇ? ಬೇಕಿಲ್ಲ. ಲೆಸ್ಟರ್‌ನಲ್ಲಿ ಮೊದಲು ಅಗೆದು ನೋಡಿದರು, ಆಮೇಲೆ ಕಟ್ಟಿದರು. ಕಾಲಿನ ಎಲುಬು ಮೊದಲ ದಿನವೇ ಕಂಡಿತ್ತು. ಪಕ್ಕದ ಹಳೆಯ ಶಾಲಾ ಕಟ್ಟಡ 2014ರಲ್ಲಿ ಸಂದರ್ಶಕ ಕೇಂದ್ರವಾಯಿತು, ಸಮಾಧಿಯ ಗುಂಡಿಯನ್ನು ಗಾಜಿನ ನೆಲದ ಕೆಳಗೆ ತೋರಿಸಿದರು. 2015ರ ಮಾರ್ಚ್‌ನಲ್ಲಿ ಎಲುಬನ್ನು ಹತ್ತಿರದ ಕೆಥೆಡ್ರಲ್‌ನಲ್ಲಿ ಮರಳಿ ಹೂಳಿದರು. ಆದರೆ ಇಲ್ಲಿ ಹೊಗಳಿದ್ದು ಬಯಲು ಪಾರ್ಕಿಂಗನ್ನು. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಈ ವಾದ ಅನ್ವಯಿಸದು. ಅಂಥದ್ದೊಂದನ್ನು ಅಲ್ಲಿ ತೋಡಿದ್ದರೆ ರಿಚರ್ಡ್ ಲಾರಿಗಟ್ಟಲೆ ಮಣ್ಣಿನ ಜೊತೆ ಊರಾಚೆ ಸಾಗಿಹೋಗುತ್ತಿದ್ದ.