ಇಟ್ಟಿಗೆಯ ಮೇಲೆ ರೈಲು: ಜರ್ಮನಿಯ ಮೂರು ಹಳೆಯ ಸೇತುವೆಗಳ ಕಥೆ

ಸದಸ್ಯ ಬಾಂಧವರಲ್ಲಿ ಹೆಚ್ಚಿನವರು ಕಲೋನಿನಿಂದ ಬರ್ಲಿನ್ನಿಗೆ ಒಮ್ಮೆಯಾದರೂ ರೈಲಿನಲ್ಲಿ ಹೋಗಿಯೇ ಇರುತ್ತೀರಿ. ಬೀಲೆಫೆಲ್ಡ್ ನಿಲ್ದಾಣ ಬಿಟ್ಟು ಕೆಲವು ನಿಮಿಷವಾದ ಮೇಲೆ ರೈಲು ಒಂದು ಕಣಿವೆಯನ್ನು ದಾಟುತ್ತದೆ. ಕೆಳಗೆ ಒಂದು ಕೆರೆಯೂ ಕಾಣುತ್ತದೆ. ಅಷ್ಟರಲ್ಲಿ ಚಪಾತಿಯ ಡಬ್ಬಿ ಬಿಚ್ಚುವ ಹೊತ್ತು, ಕಿಟಕಿಯಾಚೆ ನೋಡುವವರು ಯಾರು? ನಾವೂ ಬಹಳ ವರ್ಷ ನೋಡಲಿಲ್ಲ. ಆ ಸೇತುವೆಯ ಕಥೆಯನ್ನು ಹೇಳಲು ಹೊರಟರೆ ಅದಕ್ಕಿಂತ ದೊಡ್ಡ ಇನ್ನೆರಡು ಸೇತುವೆಗಳ ಕಥೆಯನ್ನು ಮೊದಲು ಹೇಳಬೇಕಾಗುತ್ತದೆ. ಅವು ಇರುವುದು ದೇಶದ ಪೂರ್ವಭಾಗದಲ್ಲಿ, ಸ್ಯಾಕ್ಸನಿ ಪ್ರಾಂತದ ಫೋಗ್ಟ್‌ಲಾಂಡ್ ಎಂಬ ಗುಡ್ಡಗಾಡಿನಲ್ಲಿ.

1841ರಲ್ಲಿ ಸ್ಯಾಕ್ಸನಿ ಮತ್ತು ಬವೇರಿಯಾ ರಾಜ್ಯಗಳು ಲೈಪ್‌ಜಿಗ್‌ನಿಂದ ನ್ಯೂರ್ನ್‌ಬರ್ಗಿಗೆ ರೈಲುಮಾರ್ಗ ಹಾಕಬೇಕೆಂದು ಒಪ್ಪಂದ ಮಾಡಿಕೊಂಡವು. ನಕಾಶೆಯ ಮೇಲೆ ಗೆರೆ ಎಳೆಯುವುದು ಸುಲಭ. ರೈಖೆನ್‌ಬಾಖ್ ಮತ್ತು ಪ್ಲೌಯೆನ್ ಊರುಗಳ ನಡುವೆ ಗೋಲ್ಟ್ಶ್ ಮತ್ತು ಬಿಳಿ ಎಲ್ಸ್ಟರ್ ಎಂಬ ಎರಡು ಹೊಳೆಗಳು ಆಳವಾದ ಕಣಿವೆ ಕೊರೆದುಕೊಂಡು ಹರಿಯುತ್ತವೆ. ಎತ್ತಿನ ಗಾಡಿಯಾದರೆ ಕಣಿವೆಗೆ ಇಳಿದು ಮತ್ತೆ ಏರಬಹುದು, ರೈಲಿಗೆ ಅದು ಆಗದು. ನಮ್ಮ ಸಕಲೇಶಪುರದ ಘಾಟಿಯನ್ನು ನೆನೆದುಕೊಳ್ಳಿ. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ ಬೇಕಾದವು. ಅದು 1970ರ ದಶಕದ ಮಾತು. ಇಲ್ಲಿ ನಾವು ಹೇಳುತ್ತಿರುವುದು ಮುಂಬಯಿ–ಠಾಣೆ ನಡುವೆ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ 1853ಕ್ಕಿಂತಲೂ ಹಿಂದಿನ ಕಾಲ.

ಗೋಲ್ಟ್ಶ್ ಕಣಿವೆಗೆ ಬೇಕಾದಷ್ಟು ಎತ್ತರದ ರೈಲು ಸೇತುವೆ ಅಲ್ಲಿಯತನಕ ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ. 1845ರ ಜನವರಿಯಲ್ಲಿ ರೈಲು ಕಂಪನಿಯವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಸ್ಪರ್ಧೆ ಏರ್ಪಡಿಸಿದರು. ಬಹುಮಾನ 1000 ಟಾಲರ್. 81 ನಕ್ಷೆಗಳು ಬಂದವು. ತೀರ್ಪುಗಾರರ ಮಂಡಲಿಯಲ್ಲಿ ಡ್ರೆಸ್ಡೆನ್ನಿನ ಪ್ರೊಫೆಸರ್ ಯೋಹಾನ್ ಆಂಡ್ರೆಯಾಸ್ ಶೂಬರ್ಟ್ ಮುಖ್ಯರು. ಅಲ್ಲಿನ ಪ್ರಸಿದ್ಧ ಅಪೆರಾ ಮಂದಿರವನ್ನು ಕಟ್ಟಿಸಿದ ಗಾಟ್‌ಫ್ರೀಡ್ ಸೆಂಪರ್ ಕೂಡ ಇದ್ದರು. ರೈಲಿನ ಭಾರವನ್ನು ತನ್ನ ಸೇತುವೆ ತಡೆದೀತೆಂದು ಲೆಕ್ಕಹಾಕಿ ತೋರಿಸಿದವರು 81 ಜನರಲ್ಲಿ ಒಬ್ಬರೂ ಇರಲಿಲ್ಲವಂತೆ. ಬಹುಮಾನದ ಹಣವನ್ನು ನಾಲ್ವರಿಗೆ ಹಂಚಿ, ನಕ್ಷೆಗಳನ್ನೆಲ್ಲ ಬದಿಗಿಟ್ಟು, ಕೊನೆಗೆ ಶೂಬರ್ಟರೇ ಹೊಸ ನಕ್ಷೆ ತಯಾರಿಸಿದರು. ನಮ್ಮ ದೀಪಾವಳಿಯ ರಂಗೋಲಿ ಸ್ಪರ್ಧೆಯಲ್ಲಿ ತೀರ್ಪುಗಾರರೇ ಕುಳಿತು ರಂಗೋಲಿ ಹಾಕಿದ್ದರೆ ಏನಾಗುತ್ತಿತ್ತೋ ಹೇಳಬೇಕಾಗಿಲ್ಲ! ಆದರೆ ಇಲ್ಲಿ ಆದದ್ದು ಒಳ್ಳೆಯದೇ. ಅಲ್ಲಿಯವರೆಗೆ ಇಂಥ ಕಮಾನುಗಳನ್ನು ಮೇಸ್ತ್ರಿಗಳು ಅನುಭವದಿಂದ, ಕಣ್ಣಳತೆಯಿಂದ ಕಟ್ಟುತ್ತಿದ್ದರು. ಭಾರ ಕಮಾನಿನೊಳಗೆ ಯಾವ ದಾರಿಯಲ್ಲಿ ಇಳಿದು ಕಂಬವನ್ನು ಸೇರುತ್ತದೆ ಎಂಬುದನ್ನು ಶೂಬರ್ಟರು ಮೊದಲು ಕಾಗದದ ಮೇಲೆ ಲೆಕ್ಕಹಾಕಿದರು. ಆದ್ದರಿಂದಲೇ ಗಣಿತದ ಆಧಾರದ ಮೇಲೆ ಎದ್ದ ಪ್ರಪಂಚದ ಮೊದಲ ದೊಡ್ಡ ಸೇತುವೆಗಳಲ್ಲಿ ಇದನ್ನು ಎಣಿಸುತ್ತಾರೆ.

ಈ ಶೂಬರ್ಟರ ಬಗ್ಗೆ ಎರಡು ಮಾತು. ಇವರು 1808ರಲ್ಲಿ ಅದೇ ಫೋಗ್ಟ್‌ಲಾಂಡಿನ ವೆರ್ನೆಸ್‌ಗ್ರ್ಯೂನ್ ಗ್ರಾಮದ ಬಡ ಕುಟುಂಬವೊಂದರಲ್ಲಿ ಹುಟ್ಟಿದವರು. (ಆ ಊರಿನ ಹೆಸರು ನಮ್ಮ ಕೆಲವು ಸದಸ್ಯರಿಗೆ ಬೇರೆ ಕಾರಣದಿಂದ ಪರಿಚಿತ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.) ಸ್ಯಾಕ್ಸೋನಿಯಾ ಎಂಬ ರೈಲು ಇಂಜಿನನ್ನು ಕಟ್ಟಿದವರೂ ಇವರೇ. 1839ರ ಏಪ್ರಿಲ್‌ನಲ್ಲಿ ಲೈಪ್‌ಜಿಗ್–ಡ್ರೆಸ್ಡೆನ್ ಮಾರ್ಗ ಉದ್ಘಾಟನೆಯಾದಾಗ ಗಣ್ಯರ ರೈಲಿಗೆ ಇಂಗ್ಲೆಂಡಿನಿಂದ ತರಿಸಿದ ಇಂಜಿನುಗಳನ್ನೇ ಹೂಡಿದರು. ಪ್ರೊಫೆಸರರು ತಮ್ಮ ಸ್ವದೇಶಿ ಇಂಜಿನನ್ನು ತಾವೇ ನಡೆಸಿಕೊಂಡು ಹಿಂದಿನಿಂದ ಹೋದರು. ಹೊರಗಿನ ಮಾಲಿಗೆ ಹೆಚ್ಚು ಮಾನ ಕೊಡುವ ರೂಢಿ ನಮ್ಮ ನಾಡಿನದು ಮಾತ್ರವಲ್ಲವೆಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು.

ಸೇತುವೆಗೆ ಕಲ್ಲಿನ ಬದಲು ಇಟ್ಟಿಗೆಯನ್ನು ಆರಿಸಿದ್ದಕ್ಕೆ ಕಾರಣ ದುಡ್ಡು. ಕಲ್ಲು ಕಡಿದು ಸಾಗಿಸುವ ಖರ್ಚು ಹೆಚ್ಚು, ಜೇಡಿಮಣ್ಣು ಹತ್ತಿರದಲ್ಲಿಯೇ ಧಾರಾಳವಾಗಿತ್ತು. ಕೃಷ್ಣರಾಜಸಾಗರ ಕಟ್ಟುವಾಗ ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿದರಲ್ಲ, ಅಂಥದೇ ಬುದ್ಧಿ. ಸುತ್ತಮುತ್ತ ಸುಮಾರು 20 ಇಟ್ಟಿಗೆ ಗೂಡುಗಳು ಎದ್ದು, ದಿನಕ್ಕೆ 50,000 ಇಟ್ಟಿಗೆಗಳು ಬೇಯುತ್ತಿದ್ದವು. ಒಟ್ಟು ಹಿಡಿದದ್ದು 2 ಕೋಟಿ 60 ಲಕ್ಷ. ಒಂದೊಂದರ ಉದ್ದ ಸುಮಾರು 28 ಸೆಂಟಿಮೀಟರ್. ಒಂದರ ತುದಿಗೆ ಇನ್ನೊಂದನ್ನು ಇಟ್ಟುಕೊಂಡು ಹೋದರೆ ಫ್ರಾಂಕ್‌ಫರ್ಟಿನಿಂದ ಹೆಚ್ಚುಕಡಿಮೆ ಬೆಂಗಳೂರು ಮುಟ್ಟುತ್ತದೆ. ಮಕ್ಕಳು ಗುಣಿಸಿ ನೋಡಲಿ. ಸಾರುವೆ ಕಟ್ಟಲು 23,000 ಮರಗಳನ್ನು ಕಡಿದರು.

1846ರ ಮೇ 31ರಂದು ಅಸ್ತಿವಾರದ ಕಲ್ಲಿಟ್ಟರು. ಅಗೆಯುತ್ತ ಹೋದಂತೆ ಕಣಿವೆಯ ನಡುಭಾಗದಲ್ಲಿ ನೆಲ ಗಟ್ಟಿಯಿಲ್ಲವೆಂದು ತಿಳಿಯಿತು. ಶೂಬರ್ಟರ ನಕ್ಷೆಯಂತೆ ಅಲ್ಲಿಯೂ ಸಾಲು ಸಾಲು ಕಂಬಗಳು ಬರಬೇಕಿತ್ತು. ಸ್ಥಳದಲ್ಲಿದ್ದ ಮುಖ್ಯ ಇಂಜಿನಿಯರ್ ರಾಬರ್ಟ್ ವಿಲ್ಕೆ ಕೆಟ್ಟ ನೆಲದಲ್ಲಿ ಕಂಬ ಹೂಳುವುದನ್ನೇ ಬಿಟ್ಟು, ಒಂದರ ಮೇಲೊಂದು ಎರಡು ದೊಡ್ಡ ಕಮಾನುಗಳಿಂದ ಆ ಜಾಗವನ್ನು ಜಿಗಿದುಬಿಟ್ಟರು. ಮೇಲಿನ ಕಮಾನಿನ ಅಗಲ ಸುಮಾರು 31 ಮೀಟರ್. ಇವತ್ತು ಅಂಚೆಚಿತ್ರಗಳಲ್ಲಿ ಎಲ್ಲರೂ ಮೆಚ್ಚುವ ಆ ನಡುಗಮಾನು ಸೊಗಸಿಗಾಗಿ ಹುಟ್ಟಿದ್ದಲ್ಲ, ಕೆಟ್ಟ ನೆಲದಿಂದ ಹುಟ್ಟಿದ್ದು.

ಇತ್ತ ರೈಲು 1846ರಲ್ಲಿ ರೈಖೆನ್‌ಬಾಖ್ ತನಕ ಬಂದು ನಿಂತಿತ್ತು, ಅತ್ತ 1848ರಲ್ಲಿ ಪ್ಲೌಯೆನ್–ಹೋಫ್ ಭಾಗ ಸಿದ್ಧವಾಯಿತು. ನಡುವಿನ ತುಂಡಿಗೆ ಮಾತ್ರ ಕುದುರೆಗಾಡಿಯೇ ಗತಿ. ಕಂಪನಿಯ ಹಣ ಮುಗಿದುಹೋಗಿ 1847ರಲ್ಲಿ ಸ್ಯಾಕ್ಸನಿ ಸರಕಾರವೇ ಕೆಲಸವನ್ನು ಕೈಗೆತ್ತಿಕೊಂಡಿತು. ಗೋಲ್ಟ್ಶ್ ಸೇತುವೆಯಲ್ಲಿ ಒಂದು ಹೊತ್ತಿಗೆ 1,736 ಮಂದಿ ದುಡಿಯುತ್ತಿದ್ದರು. ಅಪಘಾತಗಳಲ್ಲಿ 31 ಜನ ಸತ್ತರು. ಶೂಬರ್ಟ್, ವಿಲ್ಕೆ ಇವರ ಹೆಸರುಗಳನ್ನು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಆ 31 ಜನ ಪುಸ್ತಕಗಳಲ್ಲಿ ಬರಿಯ ಸಂಖ್ಯೆಯಾಗಿ ಉಳಿದಿದ್ದಾರೆ. ಅವರೂ ಹೊಟ್ಟೆಪಾಡಿಗೆ ಕೆಲಸ ಹುಡುಕಿಕೊಂಡು ಬಂದವರೇ. ದೂರದಿಂದ ದುಡಿಯಲು ಬಂದಿರುವ ನಮಗೆ ಆ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲಾಗಲಿಲ್ಲ.

1851ರ ಜುಲೈ 15ರಂದು ಮಾರ್ಗ ತೆರೆಯಿತು. ಉದ್ದ 574 ಮೀಟರ್, ಎತ್ತರ 78 ಮೀಟರ್, ಒಟ್ಟು 98 ಕಮಾನುಗಳು. ನಮ್ಮ ಬಿಜಾಪುರದ ಗೋಲಗುಂಬಜಿನ ಮೇಲೆ ಇನ್ನೊಂದು ಅರ್ಧ ಗುಂಬಜ್ ಇಟ್ಟಷ್ಟು ಎತ್ತರ. ಇಟ್ಟಿಗೆಯಿಂದ ಕಟ್ಟಿದ ಸೇತುವೆಗಳಲ್ಲಿ ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಇಲ್ಲ. ಎಲ್ಸ್ಟರ್ ಕಣಿವೆಯ ತಂಗಿ ಸೇತುವೆಯೂ ಅದರೊಂದಿಗೇ ಮುಗಿಯಿತು. ಅದು 279 ಮೀಟರ್ ಉದ್ದ, 68 ಮೀಟರ್ ಎತ್ತರ.

ಮುಂದೆ 94 ವರ್ಷ ಇವುಗಳಿಗೆ ಏನೂ ಆಗಲಿಲ್ಲ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಸಮೀಪಿಸುತ್ತಿದ್ದಾಗ ಎಲ್ಸ್ಟರ್ ಸೇತುವೆಯ ನಡುಭಾಗವನ್ನು ಜರ್ಮನ್ ಸೇನೆಯವರೇ ಮದ್ದಿಟ್ಟು ಹಾರಿಸಿದರು. ಯುದ್ಧ ಮುಗಿಯಲು ಮೂರು ನಾಲ್ಕು ವಾರವಷ್ಟೇ ಉಳಿದಿತ್ತು. ಅಕ್ಕ ಸೇತುವೆ ಉಳಿಯಿತು. ಆದರೆ ಒಂದೇ ಮಾರ್ಗದ ಒಂದು ಸೇತುವೆ ಮುರಿದ ಮೇಲೆ ಇನ್ನೊಂದು ಉಳಿದು ಫಲವೇನು? ಊಟಕ್ಕಿಲ್ಲದ, ಸಾಮಾನು ಸಿಗದ ಆ ದಿನಗಳಲ್ಲಿ ದುರಸ್ತಿ ಮಾಡುತ್ತ ಮಾಡುತ್ತ 1950ಕ್ಕೆ ಸೇತುವೆ ಮತ್ತೆ ನಿಂತಿತು.

ಈಗ ಬೀಲೆಫೆಲ್ಡಿಗೆ ಬರೋಣ. ಅಲ್ಲಿನ ಶಿಲ್ಡೆಶೆ ಗ್ರಾಮದ ಸೇತುವೆ 1847ರಲ್ಲಿ ಕಲೋನ್–ಮಿಂಡನ್ ಮಾರ್ಗಕ್ಕಾಗಿ ಕಟ್ಟಿದ್ದು. ಪಕ್ಕದಲ್ಲಿಯೇ 1917ರಲ್ಲಿ ಎರಡನೆಯದು ಬಂತು. ರೂರ್ ಪ್ರದೇಶದ ಕಲ್ಲಿದ್ದಲು, ಉಕ್ಕು ಎಲ್ಲ ಇದರ ಮೇಲೆಯೇ ಬರ್ಲಿನ್ನಿನ ಕಡೆ ಹೋಗಬೇಕಾಗಿದ್ದರಿಂದ ಶತ್ರು ವಿಮಾನಗಳಿಗೆ ಇದೇ ಗುರಿ. ಆದರೆ ಕಮಾನು ಸೇತುವೆಯನ್ನು ಬಾಂಬಿನಿಂದ ಕೆಡವುವುದು ಕಷ್ಟ. ಅಗಲ ಕಡಿಮೆ, ಪಕ್ಕದಲ್ಲಿ ಸಿಡಿದರೆ ಗಾಳಿಯ ಹೊಡೆತ ಕಮಾನಿನ ಕಿಂಡಿಯಲ್ಲಿ ನುಸುಳಿಹೋಗುತ್ತದೆ. ಗುರಿ ತಪ್ಪಿದ ಬಾಂಬುಗಳು ಬಿದ್ದದ್ದು ಹಳ್ಳಿಯ ಹೊಲಮನೆಗಳ ಮೇಲೆ. ಕೊನೆಗೆ 1945ರ ಮಾರ್ಚ್ 14ರಂದು ಬ್ರಿಟಿಷ್ ವಾಯುಪಡೆ ಸುಮಾರು 10 ಟನ್ ತೂಕದ ಹೊಸ ಬಾಂಬನ್ನು ಪ್ರಥಮ ಬಾರಿ ಇಲ್ಲಿ ಪ್ರಯೋಗಿಸಿತು. ಬಾರ್ನ್ಸ್ ವಾಲಿಸ್ ಎಂಬ ಇಂಜಿನಿಯರ್ ರೂಪಿಸಿದ ಇದು ನೆಲದ ಮೇಲೆ ಸಿಡಿಯದೆ ಆಳಕ್ಕೆ ಹೊಕ್ಕು ಒಳಗೆ ಸಿಡಿದು ಭೂಕಂಪದಂತೆ ಅಸ್ತಿವಾರವನ್ನೇ ಅಲ್ಲಾಡಿಸುವಂಥದು. ಕಮಾನುಗಳು ಸಾಲಾಗಿ ಕುಸಿದವು. ಲೆಕ್ಕ ಕಲಿತವರು ಕಟ್ಟಿದ್ದನ್ನು ಅದೇ ಲೆಕ್ಕ ಕಲಿತವರು ಕೆಡವಿದ್ದು ನಮ್ಮ ಮನಸ್ಸಿಗೆ ಮುಳ್ಳಿನಂತೆ ಚುಚ್ಚುತ್ತದೆ.

ಜರ್ಮನರು ಇದನ್ನು ಮೊದಲೇ ಊಹಿಸಿ ಕಣಿವೆಯನ್ನು ಬಳಸಿಕೊಂಡು ಹೋಗುವ ಸುತ್ತುಹಾದಿಯೊಂದನ್ನು ಹಾಕಿಟ್ಟಿದ್ದರು. ಊರವರು ಅದನ್ನು ರಬ್ಬರ್ ರೈಲು ಎಂದು ಕರೆಯುತ್ತಿದ್ದರು. ಸೇತುವೆಯ ಕಡೆಗೆ ಬಂದರೆ, 1947ರಲ್ಲಿ ಬಿದ್ದ ಭಾಗಕ್ಕೆ ಉಕ್ಕಿನ ತೊಲೆಗಳನ್ನು ಇಟ್ಟು ತಾತ್ಕಾಲಿಕವಾಗಿ ಸರಿಮಾಡಿದರು. 1960ರ ದಶಕದಲ್ಲಿ ಜೋಡಿ ಸೇತುವೆಗಳಲ್ಲಿ ಒಂದಕ್ಕೆ ಕಾಂಕ್ರೀಟ್ ಕಮಾನುಗಳು ಬಂದವು. ತಾತ್ಕಾಲಿಕದ ಉಕ್ಕು ಪೂರ್ತಿ ಹೋದದ್ದು 1980ರ ದಶಕದಲ್ಲಿ! ಜರ್ಮನ್ ಚುರುಕಿನ ಬಗ್ಗೆ ಊರಿಗೆ ಉದ್ದುದ್ದ ಕಾಗದ ಬರೆದ ನಾವು ಇದನ್ನೂ ಒಂದು ಸಾಲಿನಲ್ಲಿ ಬರೆಯಬಹುದಾಗಿತ್ತು. ಈಗ ಕಾಣುವ ಕೆರೆ 1982ರದು. ಹಳೆಯ ಕಮಾನು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆಂದು ರೈಲಿನೊಳಗಿಂದ ತಿಳಿಯದು. ಕೆರೆಯ ದಡದಲ್ಲಿ ನಡೆದರೆ ಚೆನ್ನಾಗಿ ಕಾಣುತ್ತದೆ.

ಪೂರ್ವದ ಎರಡು ಸೇತುವೆಗಳು 1990ರ ತನಕ ಇನ್ನೊಂದು ದೇಶದಲ್ಲಿದ್ದವು. ಪಶ್ಚಿಮದಲ್ಲಿದ್ದವರು ವೀಸಾ ಇಲ್ಲದೆ ಹೋಗುವಂತಿರಲಿಲ್ಲ. ಈಗ ಅಂಥ ತೊಡಕಿಲ್ಲ. 2013ರಿಂದ ಅವುಗಳ ಮೇಲೆ ವಿದ್ಯುತ್ ರೈಲುಗಳು ಓಡುತ್ತಿವೆ, ಕೆಳಗಿನ ಇಟ್ಟಿಗೆ ಬಹುಪಾಲು ಅದೇ 1851ರದು. ಹೋಗುವವರು ನೆಟ್ಸ್‌ಕೌ ನಿಲ್ದಾಣದಲ್ಲಿ ಇಳಿದು ಗೋಲ್ಟ್ಶ್ ಕಣಿವೆಗೆ ನಡೆಯಬಹುದು. ಎಲ್ಸ್ಟರ್ ಸೇತುವೆ ನೋಡಲು ಬಾರ್ಟ್‌ಮ್ಯೂಲೆ ನಿಲ್ದಾಣಕ್ಕೆ ಹೋಗಿ. ಅದು ಕೆಳಗಿನ ಹೊಳೆಯ ಪಕ್ಕದ ಇನ್ನೊಂದು ಮಾರ್ಗದಲ್ಲಿದೆ, ಪ್ಲಾಟ್‌ಫಾರಂ ಮೇಲೆ ನಿಂತು ಕತ್ತೆತ್ತಿದರೆ ಸೇತುವೆ ತಲೆಯ ಮೇಲೆಯೇ ಇರುತ್ತದೆ.